ಬೊಂಬೆಯೂ ಸಾಕುಪ್ರಾಣಿಯೂ: ಮಕ್ಕಳ ಒಡನಾಟದಲ್ಲಿ ಒಂದು ಇನ್ನೊಂದರ ಸ್ಥಾನವನ್ನು ತುಂಬಬಲ್ಲುದೇ?

೧. ಪ್ರಶ್ನೆಯ ಸ್ವರೂಪ

ಮಗುವಿಗೆ ಒಡನಾಡಿಯಾಗಿ ಜೀವವುಳ್ಳ ಪ್ರಾಣಿಯೊಂದನ್ನು ಮನೆಗೆ ತರಬೇಕೆ, ಅಥವಾ ಹತ್ತಿ ತುಂಬಿದ ಬಟ್ಟೆಯ ಬೊಂಬೆಯೊಂದನ್ನು ಅದರ ಕೈಗೆ ಕೊಟ್ಟರೆ ಸಾಕೆ ಎಂಬ ಪ್ರಶ್ನೆ ಮೇಲುನೋಟಕ್ಕೆ ಅಲ್ಪವಾದುದೆಂದು ತೋರಬಹುದು. ಆದರೆ ಈ ಪ್ರಶ್ನೆ ಹುಟ್ಟಿದ ಸನ್ನಿವೇಶವನ್ನು ಗಮನಿಸಿದರೆ ಅದು ಅಷ್ಟು ಅಲ್ಪವಾದುದಲ್ಲವೆಂಬುದು ವೇದ್ಯವಾಗುತ್ತದೆ. ರಾಯಚೂರು, ಕಲಬುರಗಿ, ಬೀದರ ಜಿಲ್ಲೆಗಳ ಒಕ್ಕಲು ಮನೆಯಲ್ಲಿ ಇಂಥ ಪ್ರಶ್ನೆ ಏಳುವ ಸಂಭವವೇ ಇರಲಿಲ್ಲ. ಅಲ್ಲಿ ಎತ್ತು ಎಮ್ಮೆಗಳು ಮನೆಯ ಮುಂಭಾಗದಲ್ಲಿಯೇ ಕಟ್ಟಿಸಿಕೊಂಡಿರುತ್ತಿದ್ದುವು; ನಾಯಿ ಹೊಸ್ತಿಲಾಚೆಗೂ ಬೆಕ್ಕು ಒಲೆಯ ಬದಿಗೂ ತಮ್ಮ ತಮ್ಮ ಸ್ಥಳಗಳನ್ನು ತಾವೇ ಗೊತ್ತುಮಾಡಿಕೊಂಡಿರುತ್ತಿದ್ದುವು. ಮಗುವಿಗಾಗಿ ಪ್ರಾಣಿಯನ್ನು ಯಾರೂ ತರುತ್ತಿರಲಿಲ್ಲ. ಪ್ರಾಣಿಗಳಿದ್ದ ಮನೆಯಲ್ಲಿ ಮಗು ಹುಟ್ಟುತ್ತಿತ್ತು.

ಈ ಸ್ಥಿತಿ ಪಟ್ಟಣದಲ್ಲಿ ತಲೆಕೆಳಗಾಗಿರುವುದನ್ನು ನೋಡಲು ಹೈದರಾಬಾದಿನ ತಾರ್ನಾಕ ತಕ್ಕ ನಿದರ್ಶನ. ಉಸ್ಮಾನಿಯಾ ವಿಶ್ವವಿದ್ಯಾಲಯದ ಮಗ್ಗುಲಲ್ಲಿ ಬೆಳೆದ ಈ ಬಡಾವಣೆಯ ಆಸುಪಾಸಿನಲ್ಲಿ ೧೯೪೪ರಲ್ಲಿ ಮೊದಲಾದ ಪ್ರಯೋಗಶಾಲೆಯ ಉತ್ತರಾಧಿಕಾರಿಯಾದ ಭಾರತೀಯ ರಾಸಾಯನಿಕ ತಂತ್ರಜ್ಞಾನ ಸಂಸ್ಥೆ, ೧೯೫೮ರಲ್ಲಿ ಕೂನೂರಿನಿಂದ ಇಲ್ಲಿಗೆ ಬಂದ ರಾಷ್ಟ್ರೀಯ ಪೋಷಣಾ ಸಂಸ್ಥೆ, ೧೯೭೭ರಲ್ಲಿ ಆರಂಭವಾದ ಕೋಶೀಯ ಹಾಗೂ ಆಣವಿಕ ಜೀವಶಾಸ್ತ್ರ ಕೇಂದ್ರ ಮೊದಲಾದ ವಿದ್ಯಾಸಂಸ್ಥೆಗಳು ನೆಲೆಗೊಂಡಿವೆ. ಇವನ್ನು ಆಶ್ರಯಿಸಿ ಬಂದು ನೆಲಸಿದ ಕುಟುಂಬಗಳಲ್ಲಿ ಕನ್ನಡ ಮನೆಮಾತಿನವೂ ಉಂಟು. ೧೯೫೬ರ ನವೆಂಬರ್ ೧ರವರೆಗೆ ಹೈದರಾಬಾದು ಕನ್ನಡ ಜಿಲ್ಲೆಗಳಿಗೂ ರಾಜಧಾನಿಯೇ ಆಗಿದ್ದುದರಿಂದ ಈ ವಲಸೆ ಹೊಸದೇನೂ ಅಲ್ಲ. ಹೊಸದಾದುದು ವಾಸದ ಕ್ರಮ. ಅಂಗಳವೂ ಬೇವಿನ ಮರವೂ ಇದ್ದ ಮನೆಗಳು ಕೆಡವಲ್ಪಟ್ಟು ಆ ಸ್ಥಳಗಳಲ್ಲಿ ಅಪಾರ್ಟ್‌ಮೆಂಟುಗಳು ಎದ್ದುವು. ಮೂರನೆಯ ಅಥವಾ ನಾಲ್ಕನೆಯ ಮಹಡಿಯಲ್ಲಿ ತಂದೆತಾಯಿಗಳಿಬ್ಬರೂ ಕೆಲಸಕ್ಕೆ ಹೋಗುವ ಮನೆಯಲ್ಲಿ ಮಗು ನಾಯಿಮರಿ ಬೇಕೆಂದು ಹಟ ಹಿಡಿಯುತ್ತದೆ. ತಂದೆತಾಯಿಗಳು ಅಂಗಡಿಯಿಂದ ನಾಯಿಮರಿಯ ಆಕಾರದ ಬೊಂಬೆಯನ್ನು ತಂದುಕೊಡುತ್ತಾರೆ. ಈ ವಿನಿಮಯ ನ್ಯಾಯವಾದುದೆ, ಇದರಲ್ಲಿ ಮಗು ಗಳಿಸುವುದೇನು, ಕಳೆದುಕೊಳ್ಳುವುದೇನು ಎಂಬುದು ವಿಚಾರಾರ್ಹ.

೨. ಪರಂಪರೆಯ ಸಾಕ್ಷ್ಯ

ಪ್ರಾಣಿಯ ಪ್ರತಿರೂಪವನ್ನು ಮಗುವಿನ ಕೈಗೆ ಕೊಡುವ ವಾಡಿಕೆ ಆಧುನಿಕ ವ್ಯಾಪಾರದ ಸೃಷ್ಟಿಯಲ್ಲ. ಮೊಹೆಂಜೊದಾರೊದಲ್ಲಿ ದೊರೆತ ಸುಟ್ಟ ಮಣ್ಣಿನ ಆಟಿಕೆಗಳಲ್ಲಿ ತಲೆಯಲ್ಲಾಡಿಸುವ ಎತ್ತು ಪ್ರಸಿದ್ಧವಾದುದು. ತಲೆಯನ್ನು ಬೇರೆಯಾಗಿ ಮಾಡಿ, ದಾರದಿಂದ ಅಲುಗುವಂತೆ ಜೋಡಿಸಿದ ಆ ಕುಶಲಿಗೆ, ಮಗು ಬಯಸುವುದು ಬರಿಯ ಆಕಾರವನ್ನಲ್ಲ, ಚಲನೆಯನ್ನು ಎಂಬುದು ತಿಳಿದಿದ್ದಿರಬೇಕು.

ಬೊಂಬೆಯನ್ನು ಜೀವಂತ ಪ್ರಾಣಿಗೆ ಬದಲಾಗಿ ಕೊಡುವ ಪ್ರಸಂಗವೇ ಕಾಳಿದಾಸನ ಶಾಕುಂತಲದ ಏಳನೆಯ ಅಂಕದಲ್ಲಿದೆ. ಮಾರೀಚಾಶ್ರಮದಲ್ಲಿ ಬಾಲಕ ಸರ್ವದಮನನು ಸಿಂಹದ ಮರಿಯೊಂದನ್ನು ತಾಯಿಯಿಂದ ಎಳೆದು ತಂದು, ಅದರ ಹಲ್ಲುಗಳನ್ನು ಎಣಿಸಲು ಬಾಯಿ ತೆರೆಯೆಂದು ಪೀಡಿಸುತ್ತಾನೆ. ತಾಪಸಿಯರ ಗದರಿಕೆ ಫಲಿಸುವುದಿಲ್ಲ. ಕಡೆಗೆ ಬೇರೊಂದು ಆಟದ ವಸ್ತುವನ್ನು ಕೊಡುವೆವೆಂದು ಹೇಳಿ, ಪರ್ಣಶಾಲೆಯಲ್ಲಿದ್ದ ಬಣ್ಣದ ಮಣ್ಣಿನ ನವಿಲನ್ನು ತರಿಸುತ್ತಾರೆ. ಅದು ಬರುವವರೆಗೆ ಮರಿಯೊಡನೆಯೇ ಆಡುವೆನೆಂದು ಬಾಲಕನ ಉತ್ತರ. ನವಿಲು ಬಂದಾಗ ಅದು ಅವನಿಗೆ ಹಿಡಿಸುತ್ತದೆ. ಬಸವಪ್ಪಶಾಸ್ತ್ರಿಗಳ ಅನುವಾದದ ಮೂಲಕ ಕನ್ನಡಿಗರಿಗೆ ಚಿರಪರಿಚಿತವಾದ ಈ ಪ್ರಸಂಗದಲ್ಲಿ ಗಮನಿಸತಕ್ಕ ಅಂಶ ಒಂದುಂಟು. ಮಣ್ಣಿನ ನವಿಲು ಇಲ್ಲಿ ಬಾಲಕನ ಹಿತಕ್ಕಾಗಿ ಬಂದುದಲ್ಲ. ಸಿಂಹದ ಮರಿಯ ಬಿಡುಗಡೆಗಾಗಿ ಬಂದುದು. ಪ್ರಾಣಿಗೂ ಬೊಂಬೆಗೂ ನಡುವಣ ವಿನಿಮಯವನ್ನು ಅಳೆಯುವಾಗ ಪ್ರಾಣಿಯ ಹಿತವನ್ನೂ ತಕ್ಕಡಿಯಲ್ಲಿಡಬೇಕೆಂಬ ಸೂಚನೆ ಇದರಲ್ಲಿ ಅಡಗಿದೆ.

ಉತ್ತರ ಕರ್ನಾಟಕದ ಹಬ್ಬಗಳಲ್ಲಿ ಇನ್ನೂ ಸೂಕ್ಷ್ಮವಾದ ವಿವೇಕ ಕಾಣುತ್ತದೆ. ಜ್ಯೇಷ್ಠಮಾಸದ ಕಾರ ಹುಣ್ಣಿಮೆಯಂದು ಎತ್ತುಗಳ ಮೈತೊಳೆದು, ಕೋಡುಗಳಿಗೆ ಬಣ್ಣ ಬಳಿದು, ಪೂಜಿಸಿ, ಓಡಿಸಿ ಕರಿ ಹರಿಯುತ್ತಾರೆ. ಅದಾದ ಹದಿನೈದು ದಿನಗಳಿಗೆ ಮಣ್ಣೆತ್ತಿನ ಅಮಾವಾಸ್ಯೆ. ಅಂದು ಅದೇ ಮನೆಯಲ್ಲಿ ಜೇಡಿಮಣ್ಣಿನಿಂದ ಜೋಡೆತ್ತುಗಳನ್ನು ಮಾಡಿ ಪೂಜಿಸುತ್ತಾರೆ. ಜೀವಂತ ಎತ್ತು ಕೊಟ್ಟಿಗೆಯಲ್ಲಿರುವಾಗ ಮಣ್ಣಿನ ಎತ್ತು ಏಕೆ ಎಂದು ಯಾರೂ ಕೇಳಲಿಲ್ಲ. ಮಣ್ಣಿನ ಎತ್ತು ಇದೆಯಲ್ಲ, ಜೀವಂತ ಎತ್ತಿಗೆ ಮೇವು ಏಕೆ ಎಂದೂ ಯಾರೂ ಕೇಳಲಿಲ್ಲ. ಎರಡಕ್ಕೂ ಎರಡು ದಿನಗಳನ್ನು ಮೀಸಲಿಟ್ಟು, ಒಂದರ ಪಕ್ಕದಲ್ಲಿ ಇನ್ನೊಂದನ್ನು ಇರಿಸಿದ ಈ ಏರ್ಪಾಡಿನಲ್ಲಿ ಪ್ರತಿರೂಪವು ಮೂಲಕ್ಕೆ ಬದಲಿಯಾಗದೆ ಅದರ ಜೊತೆಗಾರನಾಗಿದೆ. ಆಗಿನ ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದ ಕೊಪ್ಪಳದ ಬಳಿಯ ಕಿನ್ನಾಳದ ಚಿತ್ರಗಾರರೂ, ತೆಲಂಗಾಣದ ನಿರ್ಮಲದ ಕುಶಲಿಗಳೂ ಹಗುರವಾದ ಮರದಲ್ಲಿ ಕಡೆದು ಬಣ್ಣ ಹಚ್ಚಿದ ಪ್ರಾಣಿಗಳು ಇಂಥ ಜೊತೆಗಾರಿಕೆಯ ಬೊಂಬೆಗಳೇ.

೩. ಬಟ್ಟೆಯ ಕರಡಿಯ ಆಗಮನ

ಮಣ್ಣು ಮರಗಳ ಬೊಂಬೆ ನೋಡುವುದಕ್ಕೆ, ಉರುಳಿಸುವುದಕ್ಕೆ, ಸಾಲಾಗಿ ನಿಲ್ಲಿಸುವುದಕ್ಕೆ ತಕ್ಕುದು. ಅಪ್ಪಿಕೊಂಡು ಮಲಗುವುದಕ್ಕೆ ತಕ್ಕುದಲ್ಲ. ಅಪ್ಪುವ ಬೊಂಬೆಯ ಪ್ರಚಾರಕ್ಕೆ ಯೂರೋಪು ಅಮೆರಿಕೆಗಳು ಕಾರಣವಾದುವು. ಜರ್ಮನಿಯ ಗೀಂಗೆನ್ ಎಂಬ ಊರಿನಲ್ಲಿ ಮಾರ್ಗರೇಟೆ ಸ್ಟೈಫ್ ಎಂಬ ಹೊಲಿಗೆಯಾಕೆ ೧೮೮೦ರ ಸುಮಾರಿಗೆ ಗುಂಡುಸೂಜಿ ಚುಚ್ಚಿಡುವ ಮೆತ್ತೆಯಾಗಿ ಬಟ್ಟೆಯ ಆನೆಗಳನ್ನು ಹೊಲಿದಳು. ಮಕ್ಕಳು ಅವನ್ನು ಆಟಿಕೆಗಳನ್ನಾಗಿ ಮಾಡಿಕೊಂಡರು. ೧೯೦೨ರ ನವೆಂಬರಿನಲ್ಲಿ ಅಮೆರಿಕೆಯ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಮಿಸಿಸಿಪಿಯ ಬೇಟೆಯಲ್ಲಿ, ಇತರರು ಹಿಡಿದು ಕಟ್ಟಿಹಾಕಿದ್ದ ಕರಡಿಯನ್ನು ಗುಂಡಿಕ್ಕಿ ಕೊಲ್ಲಲು ಒಪ್ಪಲಿಲ್ಲ. ಕ್ಲಿಫರ್ಡ್ ಬೆರಿಮನ್ ಎಂಬ ಚಿತ್ರಕಾರ ಅದನ್ನು ವ್ಯಂಗ್ಯಚಿತ್ರವಾಗಿ ಬರೆದ. ಬ್ರೂಕ್ಲಿನ್ನಿನ ಅಂಗಡಿಕಾರ ಮಾರಿಸ್ ಮಿಚ್ಟಮ್ ಬಟ್ಟೆಯ ಕರಡಿಯನ್ನು ಮಾಡಿಸಿ, ಅಧ್ಯಕ್ಷನ ಮುದ್ದಿನ ಹೆಸರಿನಿಂದ ಅದನ್ನು ಟೆಡ್ಡಿಯೆಂದು ಕರೆದ. ಅದೇ ಕಾಲದಲ್ಲಿ ಸ್ಟೈಫ್ ಕಾರ್ಖಾನೆಯಲ್ಲೂ ಕೈಕಾಲುಗಳು ತಿರುಗುವ ಕರಡಿ ಸಿದ್ಧವಾಯಿತು.

ಇಲ್ಲಿಯೂ ಒಂದು ವಿಶೇಷವನ್ನು ಕಾಣಬಹುದು. ಬಟ್ಟೆಯ ಕರಡಿಗೆ ಹೆಸರು ಬಂದುದು ಜೀವಂತ ಕರಡಿಯೊಂದನ್ನು ಕುರಿತು ತೋರಿದ ಸಂಕೋಚದಿಂದ. ಮಲಗುವ ಕೋಣೆಗೆ ಎಂದೂ ಬರಲಾರದ ಕಾಡುಮೃಗ ಬಟ್ಟೆಯ ರೂಪದಲ್ಲಿ ಮಗುವಿನ ಹಾಸಿಗೆಯನ್ನು ಸೇರಿತು. ಆದುದರಿಂದ ಮೆತ್ತನೆಯ ಬೊಂಬೆ ಮೊದಲಿನಿಂದಲೂ ಸಾಕುಪ್ರಾಣಿಯ ನಕಲಾಗಿರಲಿಲ್ಲ. ಸಾಕಲಾಗದ ಪ್ರಾಣಿಯ ಕಲ್ಪನೆಯಾಗಿತ್ತು.

೪. ಬೊಂಬೆ ಕೊಡಬಲ್ಲುದು

ಬೊಂಬೆಯ ಮಹತ್ವವನ್ನು ಶಾಸ್ತ್ರೀಯವಾಗಿ ನಿರೂಪಿಸಿದವರಲ್ಲಿ ಇಂಗ್ಲೆಂಡಿನ ಮಕ್ಕಳ ವೈದ್ಯ ಹಾಗೂ ಮನೋವಿಶ್ಲೇಷಕ ಡೊನಾಲ್ಡ್ ವಿನ್ನಿಕಾಟ್ ಮುಖ್ಯನಾದವನು. ೧೯೫೧ರಲ್ಲಿ ಓದಿ ೧೯೫೩ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಅವನು ಶಿಶು ತನ್ನದಾಗಿ ಮಾಡಿಕೊಳ್ಳುವ ಮೊದಲ ವಸ್ತುವಿನ ಲಕ್ಷಣಗಳನ್ನು ವಿವರಿಸಿದ. ಅದು ಹೊದಿಕೆಯ ಅಂಚಾಗಿರಬಹುದು, ಬಟ್ಟೆಯ ಬೊಂಬೆಯಾಗಿರಬಹುದು. ತಾಯಿ ಬೇರೆ, ತಾನು ಬೇರೆ ಎಂಬ ಅರಿವು ಮೂಡುವ ಕಾಲದಲ್ಲಿ ಅದು ಎರಡರ ನಡುವಣ ಸೇತುವೆಯಾಗುತ್ತದೆ. ಮಗು ಅದನ್ನು ಮುದ್ದಿಸುತ್ತದೆ, ಕಚ್ಚುತ್ತದೆ, ಎಳೆದಾಡುತ್ತದೆ. ಆ ವಸ್ತು ಪ್ರೀತಿಯನ್ನೂ ಕೋಪವನ್ನೂ ಸಮನಾಗಿ ತಾಳಿಕೊಂಡು ಉಳಿಯಬೇಕು. ಮಗುವಿನ ಅಪ್ಪಣೆಯಿಲ್ಲದೆ ಅದು ಬದಲಾಗಕೂಡದು. ಅದನ್ನು ಒಗೆದರೆ ವಾಸನೆ ಹೋಗಿ ಮಗು ಅಳುವುದೂ ಈ ಕಾರಣದಿಂದಲೇ. ಕಾಲಕ್ರಮದಲ್ಲಿ ಆ ವಸ್ತುವಿನ ಮೇಲಣ ಆಸಕ್ತಿ ತಾನಾಗಿ ಇಳಿದುಹೋಗುತ್ತದೆ. ಅದಕ್ಕಾಗಿ ಯಾರೂ ಶೋಕಿಸುವುದಿಲ್ಲ.

ಈ ಮಮತೆ ಎಷ್ಟು ಬಲವಾದುದೆಂಬುದಕ್ಕೆ ಬ್ರೂಸ್ ಹುಡ್ ಮತ್ತು ಪಾಲ್ ಬ್ಲೂಮ್ ೨೦೦೮ರಲ್ಲಿ ಪ್ರಕಟಿಸಿದ ಪ್ರಯೋಗ ಸಾಕ್ಷಿಯಾಗಿದೆ. ಯಾವ ವಸ್ತುವನ್ನಾದರೂ ತದ್ವತ್ತಾಗಿ ನಕಲುಮಾಡುವ ಯಂತ್ರವೆಂದು ನಂಬಿಸಿ, ಒಂದು ಪೆಟ್ಟಿಗೆಯನ್ನು ಚಿಕ್ಕ ಮಕ್ಕಳಿಗೆ ತೋರಿಸಲಾಯಿತು. ಸಾಧಾರಣ ಆಟಿಕೆಯಾದರೆ ಮಕ್ಕಳು ನಕಲನ್ನು ಸಂತೋಷದಿಂದ ಆರಿಸಿಕೊಂಡರು. ತಾವು ಅಪ್ಪಿಕೊಂಡು ಮಲಗುವ ಬೊಂಬೆಯಾದರೋ ಹೆಚ್ಚಿನವರು ಮೂಲವನ್ನೇ ಬೇಡಿದರು. ಕೆಲವರು ಅದನ್ನು ಪೆಟ್ಟಿಗೆಯಲ್ಲಿಡಲೂ ಒಪ್ಪಲಿಲ್ಲ. ಅಂದಮೇಲೆ ಮಗುವಿನ ದೃಷ್ಟಿಯಲ್ಲಿ ಬೊಂಬೆ ಸಾವಿರದಲ್ಲೊಂದು ಸರಕಲ್ಲ, ಅದು ಒಂದು ವ್ಯಕ್ತಿ. ಹರಿದ ಬೊಂಬೆಯನ್ನು ಕಸದ ಬುಟ್ಟಿಗೆ ಹಾಕಿ ಹೊಸದನ್ನು ತಂದುಕೊಡುವ ಹಿರಿಯರು ತಾವು ಮಾಡಿದ್ದೇನೆಂಬುದನ್ನು ಅರಿಯರು.

ಮೃದುವಾದ ಸ್ಪರ್ಶಕ್ಕೆ ಎಷ್ಟು ಶಕ್ತಿಯಿದೆ, ಅದರ ಮೇರೆ ಎಲ್ಲಿದೆ ಎಂಬ ಎರಡು ಪ್ರಶ್ನೆಗಳಿಗೂ ಉತ್ತರ ಕೊಡುವುದು ಅಮೆರಿಕೆಯ ವಿಸ್ಕಾನ್ಸಿನ್ನಿನಲ್ಲಿ ಹ್ಯಾರಿ ಹಾರ್ಲೊ ನಡೆಸಿದ ಪ್ರಯೋಗ. ೧೯೫೮ರಲ್ಲಿ ಅವನು ಪ್ರಕಟಿಸಿದ ಫಲಿತಾಂಶಗಳು ಲೋಕಪ್ರಸಿದ್ಧವಾದುವು. ಹುಟ್ಟಿದೊಡನೆ ತಾಯಿಯಿಂದ ಅಗಲಿಸಿದ ಕೋತಿಮರಿಗಳಿಗೆ ಎರಡು ಕೃತಕ ತಾಯಿಯರನ್ನು ಒದಗಿಸಲಾಯಿತು: ಒಂದು ಬರಿಯ ತಂತಿಯದು, ಇನ್ನೊಂದು ಬಟ್ಟೆ ಸುತ್ತಿದುದು. ಹಾಲಿನ ಶೀಷೆ ತಂತಿಯ ತಾಯಿಯಲ್ಲಿದ್ದಾಗಲೂ ಮರಿಗಳು ಹಸಿವು ತೀರಿದೊಡನೆ ಬಟ್ಟೆಯ ತಾಯಿಯ ಬಳಿಗೆ ಮರಳುತ್ತಿದ್ದುವು. ಹೆದರಿದಾಗ ಅದನ್ನೇ ತಬ್ಬಿಕೊಳ್ಳುತ್ತಿದ್ದುವು. ಹಾಲಿಗಿಂತ ಸ್ಪರ್ಶ ದೊಡ್ಡದೆಂದು ಲೋಕ ಇದರಿಂದ ಕಲಿತುಕೊಂಡಿತು.

ಆದರೆ ಈ ಕಥೆಯ ಉತ್ತರಾರ್ಧ ಅಷ್ಟಾಗಿ ಪ್ರಚಾರಕ್ಕೆ ಬರಲಿಲ್ಲ. ಬಟ್ಟೆಯ ತಾಯಿಯೊಂದನ್ನೇ ನಂಬಿ ಒಂಟಿಯಾಗಿ ಬೆಳೆದ ಆ ಮರಿಗಳು ದೊಡ್ಡವಾದಮೇಲೆ ತಮ್ಮ ಜಾತಿಯ ಇತರ ಪ್ರಾಣಿಗಳೊಡನೆ ಹೇಗೆ ವರ್ತಿಸಬೇಕೆಂಬುದನ್ನು ಅರಿಯದೆ ಹೋದುವು. ಅವುಗಳಲ್ಲಿ ತಾಯಿಯಾದವು ತಮ್ಮ ಮರಿಗಳನ್ನು ಅಲಕ್ಷಿಸಿದುವು, ಹಿಂಸಿಸಿದುವು. ಸಮವಯಸ್ಸಿನ ಮರಿಗಳೊಡನೆ ಆಡಲು ಅವಕಾಶ ಪಡೆದವು ಎಷ್ಟೋ ಮೇಲಾಗಿ ಬೆಳೆದುವು. ಬಟ್ಟೆ ಸಮಾಧಾನವನ್ನು ಕೊಟ್ಟಿತು, ಸಹವಾಸವನ್ನು ಕಲಿಸಲಿಲ್ಲ. ಈ ಪ್ರಯೋಗದ ಕ್ರೌರ್ಯವನ್ನು ಇಂದು ಯಾರೂ ಸಮರ್ಥಿಸಲಾರರು. ಮನುಷ್ಯಶಿಶುವಿಗೆ ತಂದೆತಾಯಿಗಳೂ ನೆರೆಯ ಮಕ್ಕಳೂ ಇರುವುದರಿಂದ ಅದನ್ನು ಹಾಗೆಯೇ ಅನ್ವಯಿಸುವುದೂ ಸರಿಯಲ್ಲ. ಆದರೂ ಬೊಂಬೆ ಎಲ್ಲಿಯವರೆಗೆ ಸಮರ್ಥ, ಎಲ್ಲಿಂದಾಚೆಗೆ ಅಸಮರ್ಥ ಎಂಬ ಗೆರೆಯನ್ನು ಅದು ತೋರಿಸಿಕೊಡುತ್ತದೆ.

೫. ಜೀವ ಮಾತ್ರ ಕೊಡಬಲ್ಲುದು

ಸಜೀವ ಪ್ರಾಣಿಯ ಕಡೆಗೆ ಮಗುವಿನ ಸೆಳೆತ ಸಹಜವಾದುದೆಂಬುದಕ್ಕೆ ಆಧಾರಗಳಿವೆ. ವೆನೆಸ್ಸಾ ಲೊಬ್ಯೂ ಮತ್ತು ಸಂಗಡಿಗರು ೨೦೧೩ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದರಿಂದ ಮೂರು ವರ್ಷದ ಮಕ್ಕಳ ಮುಂದೆ ಆಕರ್ಷಕವಾದ ಆಟಿಕೆಗಳನ್ನೂ ಗಾಜಿನ ಪೆಟ್ಟಿಗೆಗಳಲ್ಲಿಟ್ಟ ಮೀನು, ಹ್ಯಾಮ್‌ಸ್ಟರ್, ಹಾವು, ಜೇಡಗಳಂಥ ಜೀವಿಗಳನ್ನೂ ಇರಿಸಲಾಗಿತ್ತು. ಆಟಿಕೆಗಳನ್ನು ಮುಟ್ಟಬಹುದಾಗಿದ್ದರೂ, ಪ್ರಾಣಿಗಳನ್ನು ಮುಟ್ಟಲಾಗದಿದ್ದರೂ ಮಕ್ಕಳ ಗಮನ ಪ್ರಾಣಿಗಳ ಕಡೆಗೇ ಹೆಚ್ಚಾಗಿ ಹರಿಯಿತು. ಅವುಗಳ ವಿಷಯವಾಗಿಯೇ ಅವರು ಹೆಚ್ಚು ಮಾತನಾಡಿದರು, ಹೆಚ್ಚು ಪ್ರಶ್ನೆ ಕೇಳಿದರು.

ಈ ಸೆಳೆತ ಜ್ಞಾನವಾಗಿ ಮಾರ್ಪಡುವ ಬಗೆಯನ್ನು ಜಪಾನಿನ ಕಯೋಕೊ ಇನಾಗಾಕಿಯ ೧೯೯೦ರ ಸಂಶೋಧನೆ ತಿಳಿಸುತ್ತದೆ. ಮನೆಯಲ್ಲಿ ಹೊಂಬಣ್ಣದ ಮೀನನ್ನು ಸಾಕಿದ ಐದು ವರ್ಷದ ಮಕ್ಕಳನ್ನೂ ಸಾಕದ ಮಕ್ಕಳನ್ನೂ ಆಕೆ ಹೋಲಿಸಿದಳು. ಮೀನಿನ ವಿಷಯದಲ್ಲಿ ಮೊದಲ ಗುಂಪು ಹೆಚ್ಚು ತಿಳಿದಿದ್ದುದು ನಿರೀಕ್ಷಿತವೇ. ವಿಶೇಷವೆಂದರೆ, ಅವರು ಎಂದೂ ಸಾಕದ ಕಪ್ಪೆಯನ್ನು ಕುರಿತು ಪ್ರಶ್ನಿಸಿದಾಗಲೂ ಮೀನಿನ ಅನುಭವವನ್ನು ಆಧಾರವಾಗಿಟ್ಟುಕೊಂಡು ಸರಿಯಾಗಿ ಊಹಿಸಿದರು. ಕಪ್ಪೆಯ ಮರಿಯನ್ನು ಎಂದೆಂದಿಗೂ ಚಿಕ್ಕದಾಗಿಯೇ ಇಟ್ಟುಕೊಳ್ಳಬಹುದೆ ಎಂಬಂಥ ಪ್ರಶ್ನೆಗೆ, ಮೀನು ಬೆಳೆದಂತೆ ಅದೂ ಬೆಳೆಯುವುದೆಂಬ ಉತ್ತರ ಅವರಿಗೆ ಹೊಳೆಯಿತು. ಅಂಗೈಯಗಲದ ಗಾಜಿನ ತೊಟ್ಟಿಯ ಒಂದು ಮೀನು ಇಡೀ ಜೀವಲೋಕಕ್ಕೆ ಬಾಗಿಲಾಯಿತು. ಬೊಂಬೆಯಾದರೋ ಬೆಳೆಯದು, ಕೊಂಡ ದಿನ ಎಷ್ಟಿತ್ತೋ ಹರಿದ ದಿನವೂ ಅಷ್ಟೇ ಇರುತ್ತದೆ.

ಎರಡಕ್ಕೂ ಇರುವ ತಾತ್ತ್ವಿಕ ಭೇದವನ್ನು ಕನ್ನಡ ಭಾಷೆಯೇ ಗುರುತಿಸಿಟ್ಟಿದೆ. ಪ್ರಾಣಿಯನ್ನು ‘ಸಾಕು’ತ್ತಾರೆ, ಬೊಂಬೆಯೊಡನೆ ‘ಆಡು’ತ್ತಾರೆ. ಸಾಕುವುದೆಂಬ ಕ್ರಿಯಾಪದ ಮಕ್ಕಳಿಗೂ ಪ್ರಾಣಿಗಳಿಗೂ ಸಮನಾಗಿ ಸಲ್ಲುತ್ತದೆ: ಸಾಕುಮಗ, ಸಾಕುತಾಯಿ, ಸಾಕುನಾಯಿ. ಬೊಂಬೆಯನ್ನು ಸಾಕಿದೆನೆಂದು ಹೇಳುವವರು ಯಾರೂ ಇಲ್ಲ. ಸಾಕುವುದರಲ್ಲಿ ಹೊತ್ತುಹೊತ್ತಿಗೆ ಉಣಿಸುವ, ನೀರುಣಿಸುವ, ಕಸ ತೆಗೆಯುವ ಹೊಣೆಯಿದೆ. ಆಡುವುದರಲ್ಲಿ ಬೇಕೆಂದಾಗ ಎತ್ತಿಕೊಂಡು ಬೇಡವೆಂದಾಗ ಮೂಲೆಗಿಡುವ ಸ್ವಾತಂತ್ರ್ಯವಿದೆ. ಮಗುವಿಗೆ ಎರಡೂ ಅಗತ್ಯ. ಆದರೆ ಒಂದು ಇನ್ನೊಂದನ್ನು ಕಲಿಸಲಾರದು.

ಹೊಣೆಗಿಂತಲೂ ಆಳವಾದುದು ಅನ್ಯಚಿತ್ತದ ಅರಿವು. ಬೆಕ್ಕಿಗೆ ತನ್ನದೇ ಆದ ಇಚ್ಛೆಯುಂಟು. ಬೇಡವಾದಾಗ ಅದು ತೊಡೆಯಿಂದ ಇಳಿದು ಹೋಗುತ್ತದೆ. ಬಾಲ ಹಿಡಿದರೆ ಪರಚುತ್ತದೆ. ತನಗೆ ಆಡಬೇಕೆನಿಸಿದಾಗ ಇನ್ನೊಬ್ಬರಿಗೂ ಹಾಗೆ ಅನಿಸಿರಬೇಕೆಂಬ ನಿಯಮವಿಲ್ಲವೆಂಬುದನ್ನು ಮಗು ಇದರಿಂದ ಕಲಿಯುತ್ತದೆ. ಬೊಂಬೆ ಎಂದೂ ಒಲ್ಲೆನೆನ್ನುವುದಿಲ್ಲ. ಅದರ ಪರಮಗುಣವೂ ಅದೇ, ಪರಮದೋಷವೂ ಅದೇ. ಕೋಪ ಬಂದಾಗ ಗುದ್ದಿಸಿಕೊಳ್ಳಲು, ರಾತ್ರಿಯ ಭಯದಲ್ಲಿ ಅಪ್ಪಿಸಿಕೊಳ್ಳಲು ಅಂಥ ಒಡನಾಡಿ ಬೇಕು. ಮನುಷ್ಯರ ನಡುವೆ ಬಾಳಲು ಕಲಿಯುವುದಕ್ಕೆ ಒಲ್ಲೆನೆನ್ನುವ ಒಡನಾಡಿಯೂ ಬೇಕು.

ಸಾವಿನ ಪಾಠ ಮೂರನೆಯದು. ಚಿಕ್ಕ ಪ್ರಾಣಿಗಳ ಆಯುಸ್ಸು ಅಲ್ಪ. ತೊಟ್ಟಿಯ ಮೀನು ಒಂದು ಬೆಳಗ್ಗೆ ಮಗುಚಿ ತೇಲುತ್ತದೆ. ಆಗ ಮಗು ಕೇಳುವ ಪ್ರಶ್ನೆಗಳಿಗೆ ಉತ್ತರ ಹೇಳುವುದು ಹಿರಿಯರಿಗೆ ಕಷ್ಟ. ಅದಕ್ಕೆ ಹೆದರಿ ಬೊಂಬೆಯನ್ನು ಆರಿಸುವವರೂ ಇದ್ದಾರೆ. ಆದರೆ ಮನೆಯ ಹಿರಿಯರೊಬ್ಬರ ಅಗಲಿಕೆಗಿಂತ ಮುಂಚೆ ಮೀನೊಂದರ ಅಗಲಿಕೆಯನ್ನು ಕಂಡು ಅತ್ತ ಮಗುವಿಗೆ ಶೋಕದ ಭಾಷೆ ಸ್ವಲ್ಪಮಟ್ಟಿಗಾದರೂ ಪರಿಚಿತವಾಗಿರುತ್ತದೆ.

ಭಾಷೆಯ ಮಾತು ಬಂದುದರಿಂದ ಹೊರನಾಡಿನ ಕನ್ನಡಿಗರಿಗೆ ವಿಶೇಷವಾಗಿ ಸಂಬಂಧಿಸಿದ ನಷ್ಟವೊಂದನ್ನು ಇಲ್ಲಿಯೇ ಹೇಳಬೇಕು. ಗೋದಲಿ, ಕಣ್ಣಿ, ಮೂಗುದಾರ, ಹಿಂಡಿ, ಮೆಲುಕು, ಗಬ್ಬ ಎಂಬ ಮಾತುಗಳು ಕೊಟ್ಟಿಗೆಯಲ್ಲಿ ಹುಟ್ಟಿದವು. ಹೆಂಗಸು ಹೆರುತ್ತಾಳೆ, ಹಸು ಈಯುತ್ತದೆ. ನಾಯಿ ಬೊಗಳುತ್ತದೆ, ಗುರುಗುಟ್ಟುತ್ತದೆ, ಊಳಿಡುತ್ತದೆ, ಕುಂಯಿಗುಟ್ಟುತ್ತದೆ. ಇವುಗಳ ಅರ್ಥಭೇದ ನಿಘಂಟಿನಿಂದ ಬರತಕ್ಕದ್ದಲ್ಲ, ಕಿವಿಯಿಂದ ಬರತಕ್ಕದ್ದು. ಶಾಲೆಯಲ್ಲಿ ಇಂಗ್ಲಿಷು, ಬೀದಿಯಲ್ಲಿ ತೆಲುಗು ಉರ್ದುಗಳು ಕೇಳಿಬರುವ ತಾರ್ನಾಕದಲ್ಲಿ ಮಗುವಿನ ಕನ್ನಡ ಮನೆಯೊಳಗಿನ ಕನ್ನಡವಷ್ಟೇ. ಮನೆಯೊಳಗೆ ಪ್ರಾಣಿಯೊಂದಿದ್ದರೆ ಅದನ್ನು ಕರೆಯುವ, ಗದರಿಸುವ, ಸಂತೈಸುವ ಮಾತುಗಳು ದಿನವೂ ಬಳಕೆಗೆ ಬರುತ್ತವೆ. ಬೊಂಬೆಯೊಡನೆಯೂ ಮಗು ಮಾತನಾಡುತ್ತದೆ. ಆದರೆ ತನಗೆ ಮೊದಲೇ ಗೊತ್ತಿದ್ದ ಮಾತನ್ನು ಮಾತ್ರ ಆಡುತ್ತದೆ.

೬. ಅಪಾಯಗಳ ಗಣನೆ

ಸಜೀವ ಪ್ರಾಣಿಯ ಗುಣಗಳನ್ನು ಹೇಳಿದವರು ಅದರ ಅಪಾಯಗಳನ್ನು ಮರೆಮಾಚಬಾರದು. ಮೊದಲನೆಯದು ರೇಬೀಸ್, ಎಂದರೆ ಹುಚ್ಚುನಾಯಿಯ ರೋಗ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಮನುಷ್ಯರಿಗೆ ತಗಲುವ ರೇಬೀಸಿನಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಪಾಲು ನಾಯಿಯ ಮೂಲಕ ಬರುವುದು. ಶಂಕಿತ ಪ್ರಾಣಿಗಳಿಂದ ಕಚ್ಚಿಸಿಕೊಂಡವರಲ್ಲಿ ನೂರಕ್ಕೆ ಸುಮಾರು ನಲವತ್ತು ಮಂದಿ ಹದಿನೈದು ವರ್ಷಕ್ಕೆ ಕಡಿಮೆ ವಯಸ್ಸಿನವರು. ಲಕ್ಷಣಗಳು ತೋರಿದಮೇಲೆ ಬದುಕುವುದು ಅತಿ ವಿರಳ; ಆದರೆ ಅದಕ್ಕೆ ಮುಂಚೆ ತಡೆಯುವುದು ಸಂಪೂರ್ಣ ಸಾಧ್ಯ. ಕಚ್ಚಿದ ಅಥವಾ ಪರಚಿದ ಸ್ಥಳವನ್ನು ಒಡನೆಯೇ ಸೋಪು ನೀರುಗಳಿಂದ ಹದಿನೈದು ನಿಮಿಷ ತೊಳೆದು, ವಿಳಂಬವಿಲ್ಲದೆ ಆಸ್ಪತ್ರೆಗೆ ಹೋಗಿ ಲಸಿಕೆಯನ್ನು ಪೂರ್ಣವಾಗಿ ಹಾಕಿಸಿಕೊಳ್ಳಬೇಕು. ತಾರ್ನಾಕದ ಪೋಷಣಾ ಸಂಸ್ಥೆಯ ಮೂಲವಾದ ಸಣ್ಣ ಪ್ರಯೋಗಶಾಲೆಯನ್ನು ರಾಬರ್ಟ್ ಮೆಕ್ಯಾರಿಸನ್ ೧೯೧೮ರಲ್ಲಿ ಆರಂಭಿಸಿದುದು ಕೂನೂರಿನ ಪಾಸ್ತರ್ ಸಂಸ್ಥೆಯ ಒಂದು ಕೋಣೆಯಲ್ಲಿ; ಆ ಪಾಸ್ತರ್ ಸಂಸ್ಥೆ ಹುಟ್ಟಿದುದು ಹುಚ್ಚುನಾಯಿ ಕಡಿತದ ಚಿಕಿತ್ಸೆಗಾಗಿಯೇ. ಈ ಸಂಬಂಧವನ್ನು ನೆನೆದರೆ ವಿಷಯ ಬಡಾವಣೆಗೆ ಅಷ್ಟೇನೂ ಹೊರತಲ್ಲ.

ಮನೆಯ ನಾಯಿಗೂ ಬೀದಿಯ ನಾಯಿಗೂ ಇರುವ ಅಂತರವನ್ನು ಮಗು ತಾನಾಗಿ ಅರಿಯದು. ೨೦೨೩ರ ಫೆಬ್ರವರಿಯಲ್ಲಿ ತಾರ್ನಾಕಕ್ಕೆ ದೂರವಲ್ಲದ ಅಂಬರಪೇಟೆಯಲ್ಲಿ ನಾಲ್ಕು ವರ್ಷದ ಬಾಲಕನೊಬ್ಬ ಬೀದಿನಾಯಿಗಳ ಹಿಂಡಿಗೆ ಸಿಕ್ಕಿ ಸತ್ತನು. ಬಟ್ಟೆಯ ನಾಯಿಯೊಂದನ್ನೇ ಕಂಡು ಬೆಳೆದ ಮಗು ಎಲ್ಲ ನಾಯಿಗಳೂ ಅಪ್ಪಿಕೊಳ್ಳತಕ್ಕವೆಂದು ಭಾವಿಸುವ ಸಂಭವವುಂಟು. ಉಣ್ಣುತ್ತಿರುವ, ಮಲಗಿರುವ, ಮರಿಗಳಿರುವ ನಾಯಿಯ ಬಳಿಗೆ ಹೋಗಬಾರದು. ಓಡಬಾರದು, ಕಿರುಚಬಾರದು ಎಂಬ ತಿಳುವಳಿಕೆಯನ್ನು ಪ್ರಾಣಿ ಸಾಕುವವರೂ ಸಾಕದವರೂ ಮಕ್ಕಳಿಗೆ ಕೊಡಬೇಕು.

ಉಬ್ಬಸವಿರುವ ಮಗುವಿಗೆ ಬೆಕ್ಕು ನಾಯಿಗಳ ಸಾಮೀಪ್ಯ ತೊಂದರೆಯಾಗಬಹುದು. ಅಂಥಲ್ಲಿ ವೈದ್ಯರ ಸಲಹೆ ಅಗತ್ಯ. ಆದರೆ ಬೊಂಬೆ ನಿರಪಾಯವೆಂದು ತಿಳಿಯುವುದೂ ತಪ್ಪು. ಕಣ್ಣಿಗೆ ಕಾಣದ ಧೂಳುನುಸಿಗಳಿಗೆ ಹಾಸಿಗೆಯಂತೆಯೇ ಮೆತ್ತನೆಯ ಬೊಂಬೆಯೂ ನೆಲೆ. ಅರವತ್ತು ಡಿಗ್ರಿ ಉಷ್ಣದ ನೀರಿನಲ್ಲಿ ಒಗೆಯುವುದರಿಂದ, ಅದನ್ನು ತಾಳದ ಬೊಂಬೆಯನ್ನು ಚೀಲದಲ್ಲಿ ಕಟ್ಟಿ ಫ್ರೀಜರಿನಲ್ಲಿ ಒಂದು ದಿನವಾದರೂ ಇಟ್ಟು ಆಮೇಲೆ ಒಗೆಯುವುದರಿಂದ ಅವು ಸಾಯುತ್ತವೆ. ಹೊಲಿಗೆ ಬಿಟ್ಟು ಉದುರುವ ಗುಂಡಿಯ ಕಣ್ಣುಗಳು ಮೂರು ವರ್ಷದೊಳಗಿನ ಮಕ್ಕಳ ಗಂಟಲಿಗೆ ಸಿಕ್ಕಿಕೊಳ್ಳಬಹುದು. ಭಾರತದಲ್ಲಿ ೨೦೨೧ರ ಜನವರಿಯಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಗಿರುವುದರಿಂದ ಆ ಗುರುತನ್ನು ನೋಡಿ ಕೊಳ್ಳುವುದು ಲೇಸು.

ಕಾನೂನಿನ ಅಂಶವೂ ಉಂಟು. ಹಿಂದಿನ ತಲೆಮಾರಿನ ಮನೆಗಳಲ್ಲಿ ಪಂಜರದ ಗಿಣಿ ಸಾಮಾನ್ಯ ದೃಶ್ಯ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ ಅದರ ತಿದ್ದುಪಡಿಗಳೂ ಜಾರಿಗೆ ಬಂದಮೇಲೆ ಈ ದೇಶದ ಗಿಣಿ, ಮುನಿಯ, ನಕ್ಷತ್ರ ಆಮೆ ಮೊದಲಾದವನ್ನು ಹಿಡಿಯುವುದೂ ಮಾರುವುದೂ ಸಾಕುವುದೂ ಅಪರಾಧ. ಇವುಗಳ ವಿಷಯದಲ್ಲಿ ಬೊಂಬೆಯೇ ಸರಿಯಾದ ಬದಲಿಯೆಂಬುದರಲ್ಲಿ ಸಂದೇಹವಿಲ್ಲ. ಸಿಂಹದ ಮರಿಗೆ ಮಣ್ಣಿನ ನವಿಲು ಒದಗಿದಂತೆ ಪಂಜರದ ಗಿಣಿಗೆ ಕಿನ್ನಾಳದ ಗಿಣಿ ಒದಗಬಹುದು. ನಾಯಿ ಬೆಕ್ಕುಗಳ ಮಾತು ಬೇರೆ. ಅಪಾರ್ಟ್‌ಮೆಂಟಿನ ನಿವಾಸಿಗಳ ಸಂಘಗಳು ಅವನ್ನು ಸಾಕುವುದಕ್ಕೆ ಸಾರಾಸಗಟು ನಿಷೇಧ ಹೇರಲಾಗದೆಂದು ಭಾರತದ ಪ್ರಾಣಿ ಕಲ್ಯಾಣ ಮಂಡಲಿ ೨೦೧೫ರಲ್ಲಿ ಹೊರಡಿಸಿದ ಮಾರ್ಗಸೂಚಿ ತಿಳಿಸುತ್ತದೆ. ನೆರೆಯವರಿಗೆ ತೊಂದರೆಯಾಗದಂತೆ ನೋಡಿಕೊಳ್ಳುವ ಹೊಣೆ ಸಾಕುವವರದು.

೭. ಯಂತ್ರದ ಪ್ರಾಣಿ

ಬೊಂಬೆಗೂ ಜೀವಕ್ಕೂ ನಡುವೆ ಮೂರನೆಯ ಜಾತಿಯೊಂದು ಈಗ ಹುಟ್ಟಿಕೊಂಡಿದೆ. ಜಪಾನಿನ ಸೋನಿ ಸಂಸ್ಥೆ ೧೯೯೯ರಲ್ಲಿ ಐಬೊ ಎಂಬ ಯಂತ್ರದ ನಾಯಿಯನ್ನು ಮಾರಾಟಕ್ಕೆ ತಂದು, ೨೦೦೬ರಲ್ಲಿ ನಿಲ್ಲಿಸಿ, ೨೦೧೮ರಲ್ಲಿ ಹೊಸ ರೂಪದಲ್ಲಿ ಮತ್ತೆ ತಂದಿತು. ಅದರ ಮೊದಲ ರೂಪವನ್ನೂ ಜೀವಂತ ನಾಯಿಯನ್ನೂ ಮಕ್ಕಳಿಗೆ ತೋರಿಸಿ ಗೇಲ್ ಮೆಲ್ಸನ್, ಪೀಟರ್ ಕಾನ್ ಮೊದಲಾದವರು ೨೦೦೯ರಲ್ಲಿ ಪ್ರಕಟಿಸಿದ ಅಧ್ಯಯನದ ಫಲ ಕುತೂಹಲಕರವಾಗಿದೆ. ಯಂತ್ರದ ನಾಯಿಯೂ ಸ್ನೇಹಿತನಾಗಬಲ್ಲುದೆಂದು, ಅದನ್ನು ಹೊಡೆಯುವುದು ಸರಿಯಲ್ಲವೆಂದು ಅನೇಕ ಮಕ್ಕಳು ಹೇಳಿದರು. ಆದರೆ ಅವರ ಕೈಗಳು ಹೇಳಿದ್ದು ಬೇರೆ: ಜೀವಂತ ನಾಯಿಯ ಪಕ್ಕದಲ್ಲಿ ಅವರು ಹೆಚ್ಚು ಹೊತ್ತು ಕುಳಿತರು, ಅದರ ಮೈಯನ್ನು ಹೆಚ್ಚು ನೇವರಿಸಿದರು. ಯಂತ್ರ ಓಡಾಡಬಲ್ಲುದು, ಕರೆಗೆ ಓಗೊಡಬಲ್ಲುದು. ಆದರೆ ಅದಕ್ಕೆ ನಿಜವಾದ ಹಸಿವಿಲ್ಲ, ನೋವಿಲ್ಲ. ಅಲಕ್ಷಿಸಿದರೆ ಬಳಲುವ ಜೀವವಿಲ್ಲದಲ್ಲಿ ಲಕ್ಷ್ಯ ಕೊಡುವ ಹೊಣೆ ಆಟವಾಗಿಯೇ ಉಳಿಯುತ್ತದೆ.

೮. ವಿಪರ್ಯಾಸದ ಬದಲಿ

ಇದುವರೆಗಿನ ವಿಚಾರ ಬೊಂಬೆ ಪ್ರಾಣಿಗೆ ಬದಲಾಗಬಲ್ಲುದೆ ಎಂಬುದನ್ನು ಕುರಿತದ್ದು. ಪಟ್ಟಣದ ನಿಜವಾದ ಅನರ್ಥ ಇದಕ್ಕೆ ವಿಪರೀತವಾದುದು: ಪ್ರಾಣಿಯನ್ನು ಬೊಂಬೆಗೆ ಬದಲಾಗಿ ತರುವುದು. ಹುಟ್ಟುಹಬ್ಬದ ಉಡುಗೊರೆಯಾಗಿ ನಾಯಿಮರಿಯೊಂದು ಬರುತ್ತದೆ. ಮೊದಲ ತಿಂಗಳು ಅದು ಎಲ್ಲರ ಮುದ್ದು. ಅನಂತರ ಅದು ಬೆಳೆಯುತ್ತದೆ, ಬೊಗಳುತ್ತದೆ, ಚಪ್ಪಲಿ ಕಡಿಯುತ್ತದೆ. ಪರೀಕ್ಷೆಯ ಕಾಲದಲ್ಲಿ ಅದನ್ನು ತಿರುಗಾಡಿಸಲು ಯಾರಿಗೂ ಬಿಡುವಿಲ್ಲ. ಕಡೆಗೆ ಅದು ಬಾಲ್ಕನಿಯಲ್ಲಿ ಕಟ್ಟಿಹಾಕಲ್ಪಡುತ್ತದೆ, ಇಲ್ಲವೆ ಊರಾಚೆ ಬಿಡಲ್ಪಡುತ್ತದೆ. ಇದನ್ನು ನೋಡಿದ ಮಗು ಕಲಿಯುವುದು ದಯೆಯನ್ನಲ್ಲ. ಬೇಸರವಾದಾಗ ಜೀವವನ್ನೂ ಮೂಲೆಗೆ ಹಾಕಬಹುದೆಂಬ ಪಾಠವನ್ನು. ಪ್ರಾಣಿಗಳನ್ನು ತ್ಯಜಿಸಿ ಹಸಿವು ಬಾಯಾರಿಕೆಗಳಿಂದ ನರಳುವಂತೆ ಮಾಡುವುದು ೧೯೬೦ರ ಪ್ರಾಣಿಹಿಂಸಾ ನಿವಾರಣ ಕಾಯಿದೆಯಂತೆ ಅಪರಾಧವೂ ಹೌದು. ಸರ್ವಜೀವಿಗಳಲ್ಲಿ ದಯೆಯಿಡುವುದನ್ನು ೧೯೭೬ರ ತಿದ್ದುಪಡಿ ನಾಗರಿಕರ ಮೂಲಭೂತ ಕರ್ತವ್ಯಗಳಲ್ಲಿ ಸೇರಿಸಿದೆ. ಸಾಕುವ ಶಕ್ತಿಯಿಲ್ಲದ ಮನೆಯಲ್ಲಿ ಬೊಂಬೆ ಕೊಡುವ ತಂದೆತಾಯಿಗಳು ಮಗುವನ್ನು ವಂಚಿಸಿದಂತಾಗುವುದಿಲ್ಲ. ಒಂದು ಪ್ರಾಣಿಯನ್ನು ಉಳಿಸಿದಂತಾಗುತ್ತದೆ.

೯. ನಿರ್ಣಯ

ಮೇಲಿನ ಅಂಶಗಳನ್ನೆಲ್ಲ ಒಟ್ಟುಗೂಡಿಸಿದರೆ ಉತ್ತರ ವಯಸ್ಸನ್ನೂ ಮನೆಯ ಸ್ಥಿತಿಯನ್ನೂ ಅನುಸರಿಸಿ ಬದಲಾಗುವುದು ಕಾಣುತ್ತದೆ. ಮೂರು ನಾಲ್ಕು ವರ್ಷಗಳವರೆಗಿನ ಮಗುವಿಗೆ ಮುಖ್ಯವಾಗಿ ಬೇಕಾದುದು ಅಪ್ಪುಗೆಯ ಸಮಾಧಾನ; ಅದನ್ನು ಬೊಂಬೆ ಪ್ರಾಣಿಗಿಂತ ಚೆನ್ನಾಗಿ, ನಿರಪಾಯವಾಗಿ ಕೊಡುತ್ತದೆ. ಆ ವಯಸ್ಸಿನ ಕೈಗೆ ನಾಯಿಮರಿಯನ್ನು ಒಪ್ಪಿಸುವುದು ಇಬ್ಬರಿಗೂ ಕ್ಷೇಮವಲ್ಲ. ಐದಾರು ವರ್ಷಗಳಿಂದಾಚೆಗೆ ಮಗು ಬೆಳವಣಿಗೆ, ಹಸಿವು, ನೋವು, ಸಾವುಗಳನ್ನು ಕುರಿತು ಕೇಳತೊಡಗುತ್ತದೆ. ಅಲ್ಲಿ ಬೊಂಬೆ ನಿರುತ್ತರವಾಗುತ್ತದೆ. ಆಗ ಒಂದಲ್ಲ ಒಂದು ಬಗೆಯ ಸಜೀವ ಸಂಪರ್ಕ ಆವಶ್ಯಕ. ಆದರೆ ಆ ಸಂಪರ್ಕಕ್ಕಾಗಿ ಪ್ರಾಣಿಯ ಒಡೆಯನಾಗಲೇಬೇಕೆಂಬ ನಿರ್ಬಂಧವಿಲ್ಲ. ಒಂದು ತೊಟ್ಟಿ ಮೀನು, ಬಾ಼ಲ್ಕನಿಯ ಮೇಲೆ ಹಕ್ಕಿಗಳಿಗೆ ಬೇಸಗೆಯಲ್ಲಿ ಇಡುವ ನೀರಿನ ಮಣ್ಣುತಟ್ಟೆ, ವಿಶ್ವವಿದ್ಯಾಲಯದ ಆವರಣದ ಮರಗಳಲ್ಲಿ ಅಳಿಲುಗಳನ್ನು ನೋಡುವ ಒಂದು ಬೆಳಗು, ರಜೆಯಲ್ಲಿ ಅಜ್ಜಿಯ ಊರಿನ ಕೊಟ್ಟಿಗೆಯಲ್ಲಿ ಕಳೆಯುವ ಹದಿನೈದು ದಿನ, ಇವುಗಳಲ್ಲಿ ಯಾವುದೊಂದೂ ನಾಲ್ಕನೆಯ ಮಹಡಿಯ ಮಗುವಿಗೆ ನಿಲುಕದುದಲ್ಲ. ದಿನವೂ ಆ ತಟ್ಟೆಗೆ ನೀರು ಹಾಕುವ ಕೆಲಸವನ್ನು ಮಗುವಿಗೇ ಒಪ್ಪಿಸಿ, ಅದು ಮರೆತ ದಿನ ತಟ್ಟೆ ಬರಿದಾಗಿರುವುದನ್ನು ಅದಕ್ಕೆ ತೋರಿಸಿದರೆ ಸಾಕುವಿಕೆಯ ಮೊದಲ ಪಾಠ ಅಲ್ಲಿಂದಲೇ ಆರಂಭವಾಗುತ್ತದೆ.

ಆದುದರಿಂದ ಬೊಂಬೆ ಪ್ರಾಣಿಗೆ ಬದಲಿಯಲ್ಲ. ಪ್ರಾಣಿಯೂ ಬೊಂಬೆಗೆ ಬದಲಿಯಲ್ಲ. ಒಂದು ಮಗುವನ್ನು ಸಂತೈಸುತ್ತದೆ. ಇನ್ನೊಂದು ಸಂತೈಸುವುದನ್ನು ಮಗುವಿಗೆ ಕಲಿಸುತ್ತದೆ. ಕಾರ ಹುಣ್ಣಿಮೆಗೂ ಮಣ್ಣೆತ್ತಿನ ಅಮಾವಾಸ್ಯೆಗೂ ಬೇರೆಬೇರೆ ದಿನಗಳನ್ನು ಗೊತ್ತುಮಾಡಿದ ಹಿರಿಯರು ಈ ಭೇದವನ್ನು ಅರಿತಿದ್ದರು. ಕೊಟ್ಟಿಗೆಯಿಲ್ಲದ ಊರಿಗೆ ಬಂದು ನೆಲಸಿದವರು ಹಬ್ಬದ ಮಣ್ಣೆತ್ತನ್ನು ಮಕ್ಕಳಿಂದ ಮಾಡಿಸುವಾಗ, ಅದು ಯಾವ ಜೀವದ ರೂಪವೆಂಬುದನ್ನು ಅವರಿಗೆ ಒಮ್ಮೆಯಾದರೂ ಕಣ್ಣಾರೆ ತೋರಿಸುವ ಹೊಣೆಯನ್ನು ಮರೆಯದಿದ್ದರೆ ಸಾಕು.